ಕೂದಲೆಳೆಯಷ್ಟು ಸವೆತ

"ಇವತ್ತೂ ಹಾರೋ ಹಾಗಿಲ್ಲ ಅಂತೀಯಾ?"

ಮುದುಕ ಪೈಲಟ್ ಹ್ಯಾಂಗರಿನ ಬಾಗಿಲಲ್ಲೇ ಗುಡುಗಿದರು. ಮಗಳು ತಲೆ ಎತ್ತಲಿಲ್ಲ. ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಚಕ್ರದ ಜೋಡಣೆಯನ್ನು ಒರೆಸುತ್ತಿದ್ದಳು. ಅಪ್ಪನ ಪುಟ್ಟ ಟಪಾಲು ವಿಮಾನಕ್ಕೆ ಅವಳೇ ಮೆಕ್ಯಾನಿಕ್.

"ಲ್ಯಾಂಡಿಂಗ್ ಗೇರಿನ ಪಿನ್ನು ಸವೆದು ಮಿತಿ ದಾಟಿದೆ ಅಪ್ಪ. ಬದಲಾಯಿಸೋವರೆಗೆ ನೆಲ ಬಿಡೋ ಹಾಗಿಲ್ಲ. ನಿಯಮ."

"ವಾರದಿಂದ ಅದೇ ರಾಗ ನಿಂದು."

ಅವರಿಗೆ ತಲೆ ಕೆಟ್ಟುಹೋಗಿತ್ತು. ಇನ್ನೆರಡು ದಿನದಲ್ಲಿ ವಿಮಾನ ಏಳದಿದ್ದರೆ ಟಪಾಲಿನ ಕೆಲಸ ಇನ್ನೊಬ್ಬರ ಪಾಲು. ಈ ವಯಸ್ಸಿನವರನ್ನು ಮತ್ತೆ ಕರೆದು ಕೆಲಸ ಕೊಡುವವರು ಯಾರು? ಹಾರುವುದು ಬಿಟ್ಟು ಬೇರೇನೂ ಕಲಿತವರಲ್ಲ. ಮನೆಯಲ್ಲಿ ಕೂತರೆ ಹೆಂಡತಿಯ ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳ ತೆಗೆಯುವುದೊಂದೇ ಬಾಕಿ.

ನಿಯಮ ಬರೆದವರ ಜನ್ಮ ಜಾಲಾಡುತ್ತ ಒಳಗೆ ನುಗ್ಗಿದರು. ಸಲಕರಣೆಯ ಗಾಡಿಗೆ ಮೊಣಕಾಲು ಬಡಿಯಿತು.

"ಇದನ್ನ ಇಲ್ಲಿ ತಂದಿಟ್ಟವರು ಯಾರು?"

ಗಾಡಿ ಯಾವಾಗಲೂ ಇರುವುದು ಅಲ್ಲೇ. ಆದರೆ ಸಿಟ್ಟು ನೆತ್ತಿಗೇರಿದವರಿಗೆ ಎದುರಿಗಿರುವುದು ಕಾಣುವುದುಂಟೆ?

"ಕೊನೇ ಸಲ ಇಳಿಸೋವಾಗ ಯಾಕಪ್ಪ ಅಷ್ಟು ಜೋರಾಗಿ ಬಿತ್ತು?" ಮಗಳು ಮೆಲ್ಲಗೆ ಕೇಳಿದಳು.

"ನಿನ್ನ ಪಿನ್ನು ಸವೆದಿತ್ತಲ್ಲ, ಅದಕ್ಕೆ."

ಮಗಳು ಎದ್ದು ಬಂದಳು. ಗ್ರೀಸು ಮೆತ್ತಿದ ಪಿನ್ನನ್ನೂ ಕ್ಯಾಲಿಪರನ್ನೂ ಅಪ್ಪನ ಕೈಗಿಟ್ಟಳು.

"ಕೂದಲೆಳೆಯಷ್ಟು ಸವೆತ ಬೆರಳಿಗೆ ಸಿಗಲ್ಲ. ನೀವೇ ಅಳೆದು ನೋಡಿ. ಮಿತಿಯೊಳಗಿದ್ರೆ ಈಗ್ಲೇ ಹಾಕ್ತೀನಿ. ನಾಳೆನೇ ಹಾರಿ."

ಅವರು ಕಿಟಕಿಯ ಬೆಳಕಿಗೆ ಹೋದರು. ಕನ್ನಡಕ ಒರೆಸಿ ಹಾಕಿಕೊಂಡರು. ಪಿನ್ನನ್ನು ಕ್ಯಾಲಿಪರಿನ ಹಲ್ಲಿಗೆ ಸಿಕ್ಕಿಸಿ, ತಿರುಗಿಸಿ, ಅಳತೆಯ ಗೀಟುಗಳನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಮಿತಿಯೊಳಗಿದೆ ಎಂದುಬಿಟ್ಟರೆ ಮುಗಿದಿತ್ತು. ಆದರೆ ವಿಮಾನದ ಸುರಕ್ಷತೆಯ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಎಷ್ಟು ತೋರಿಸ್ತಿದೆ?"

"ನೀನು ಹೇಳಿದ ಹಾಗೇ ಇದೆ." ಎರಡನ್ನೂ ಮೇಜಿನ ಮೇಲೆ ಕುಕ್ಕಿದರು. "ಸವೆದಿದೆ ಕಣೇ. ಹಾಳಾಗಿ ಹೋಗ್ಲಿ. ಹೊಸದು ಬಂದ ದಿನ ಹೇಳು."

ಬೈದುಕೊಳ್ಳುತ್ತಲೇ ಹೊರಟುಹೋದರು. ಈ ಸಲ ಗಾಡಿಯಿಂದ ಬಹಳ ದೂರ ಸರಿದು ನಡೆದರು.

ಮಗಳಿಗೆ ದುಃಖ ಉಕ್ಕಿ ಬಂತು. ಕೈ ಒರೆಸಿಕೊಂಡು ಮನೆಗೆ ಫೋನ್ ಮಾಡಿದಳು. ಕಾದು ಕೂತಿದ್ದ ಹಾಗೆ ಅಮ್ಮ ತಕ್ಷಣ ಎತ್ತಿದರು.

"ನೋಡಿದ್ರಾ? ಏನಂದ್ರು?"

"ಬೆಳಿಗ್ಗೆ ಬಂತಲ್ಲ, ಆ ಹೊಸ ಪಿನ್ನನ್ನೇ ಕೊಟ್ಟಿದ್ದೆ ಅಮ್ಮ," ಎಂದಳು ಮಗಳು. "ಅಳೆದು ನೋಡಿ, ಸವೆದಿದೆ ಅಂದ್ರು."