ಕೇಳಲು ಮಾತ್ರ

ಅಬು ಸಾಯಿಲ್ ತನ್ನ ಮುಂದಿಟ್ಟ ಕಾಫಿ ಬಟ್ಟಲನ್ನು ಮುಟ್ಟಲಿಲ್ಲ. ಮುಟ್ಟುವಂತಿರಲಿಲ್ಲ. ಹೆಣ್ಣು ಕೇಳಲು ಬಂದ ಹಿರಿಯ, "ಕೊಟ್ಟಿದ್ದೀವಿ, ಕಾಫಿ ಕುಡೀರಿ" ಅಂತ ಹೆಣ್ಣಿನ ಕಡೆಯವರು ಹೇಳುವ ಮೊದಲೇ ಬಟ್ಟಲೆತ್ತಿದರೆ ಸಾಲ್ಟ್ ಊರಲ್ಲಿ ಅವನಿಗೆ ಮೂರು ಕಾಸಿನ ಬೆಲೆಯಿಲ್ಲ. ಕಾಫಿ ಆರಿಹೋದರೆ 'ಇಲ್ಲ' ಅಂತಲೇ ಅರ್ಥ. ಕರಕ್‌ನಿಂದ ಎರಡು ವ್ಯಾನು ತುಂಬ ಬಂದಿದ್ದ ನೆಂಟರು ಗೋಡೆಗೊರಗಿ ಕೂತಿದ್ದರು. ಹುಡುಗ ಸುಫ್ಯಾನ್ ಟೈ ಸಡಿಲಿಸಿ ಸಡಿಲಿಸಿ ಅದು ಎದೆಯ ತನಕ ಇಳಿದಿತ್ತು. ಎದುರಿಗೆ ಹುಡುಗಿಯ ಅಪ್ಪ ಅಬು ಗಾಲಿಬ್.

ಈ ಅಬು ಗಾಲಿಬ್ ಸಾಮಾನ್ಯ ಆಸಾಮಿಯಲ್ಲ. ಮಾತಾಡುವುದೇ ಅವನ ಕಸುಬು. ಮೊದಮೊದಲು ಕರೆದಲ್ಲೆಲ್ಲ ಹೋಗುತ್ತಿದ್ದ. ಸಾವಿನ ಮನೆ, ರಾಜಿ ಪಂಚಾಯಿತಿ, ಶಾಲೆಯ ಉದ್ಘಾಟನೆ, ಕೋಳಿ ಅಂಗಡಿಯ ಉದ್ಘಾಟನೆ, ಯಾವುದಕ್ಕೂ ಇಲ್ಲವೆಂದವನಲ್ಲ. ಹೀಗೇ ಒಂದು ದಿನ ಮೂರು ಕಡೆ ಒಪ್ಪಿಕೊಂಡು, ಮದುವೆ ಮನೆಯಲ್ಲಿ ಎದ್ದು ನಿಂತು, "ಈ ನಷ್ಟವನ್ನು ಸಹಿಸುವ ಶಕ್ತಿಯನ್ನು ದೇವರು ಕರುಣಿಸಲಿ" ಅಂದುಬಿಟ್ಟ. ಮದುವೆಯಾಗಿ ಬಹಳ ವರ್ಷ ಕಳೆದಿದ್ದ ನಾಲ್ಕೈದು ಗಂಡಸರು "ಆಮೀನ್" ಅಂದರು. ಮದುಮಗನ ಅಪ್ಪ ಅನ್ನಲಿಲ್ಲ.

ಅವತ್ತು ಮನೆಗೆ ಬಂದವನನ್ನು ಮಗಳು ಶುರೂಕ್ ಎದುರಿಗೆ ಕೂರಿಸಿಕೊಂಡಳು. "ಅಪ್ಪಾ, ಹತ್ತು ಕಡೆ ಒಂದೊಂದು ಮೊಳ ಅಗೆದ್ರೆ ನೀರು ಬರಲ್ಲ. ಒಂದೇ ಕಡೆ ಅಗಿ. ನಿನಗೆ ಯಾವುದು ಚೆನ್ನಾಗಿ ಬರುತ್ತೆ ಹೇಳು."

"ಹೆಣ್ಣು ಕೇಳೋದು."

"ಹಾಗಾದ್ರೆ ಅದೊಂದೇ ಮಾಡು. ಬೇರೆ ಯಾವುದಕ್ಕೂ ಬಾಯಿ ಬಿಡಬೇಡ."

ಅವಳೇ ಕಾರ್ಡು ಮಾಡಿಸಿದಳು: 'ಅಬು ಗಾಲಿಬ್. ಹೆಣ್ಣು ಕೇಳಲು ಮಾತ್ರ.' ಫೋನೂ ಅವಳ ಕೈಯಲ್ಲೇ. ಹುಡುಗಿಯ ಕಡೆಯವರು, ನಮ್ಮ ಪರವಾಗಿ ಉತ್ತರ ಹೇಳಲು ಬನ್ನಿ ಅಂತ ಗೋಗರೆದರೆ, "ಅಪ್ಪ ಕೊಡೋ ಕಡೆಗೆ ಬರಲ್ಲ, ಅದು ಬೇರೆ ಕಸುಬು" ಅಂತ ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು. ಮೂರು ವರ್ಷದಲ್ಲಿ ಅರವತ್ಮೂರು ಮನೆ. ಒಂದರಲ್ಲೂ ಕಾಫಿ ಆರಲಿಲ್ಲ. ರಾಜಧಾನಿ ಅಮ್ಮಾನ್‌ನವರು ಕೂಡ ಕಾರು ಕಳಿಸಿ ಕರೆಸಿಕೊಳ್ಳತೊಡಗಿದರು.

ಈಗ ಕೇಳಲು ಬಂದಿದ್ದು ಆ ಶುರೂಕ್‌ಳನ್ನೇ. ಹುಡುಗನ ಕಡೆಯವರಿಗೆ ಬಂದ ಪೇಚು ಯಾರಿಗೂ ಬೇಡ. ಕೇಳುವುದರಲ್ಲಿ ಎತ್ತಿದ ಕೈ ಅಂದರೆ ಒಬ್ಬನೇ, ಅವನೇ ಬೀಗ. ಕೊನೆಗೆ ಹಿಟ್ಟಿನ ಗಿರಣಿಯ ಅಬು ಸಾಯಿಲ್ ಫೋನಿನಲ್ಲಿ ಅಬು ಗಾಲಿಬ್‌ನ ಭಾಷಣವನ್ನೇ ಹತ್ತು ಸಲ ನೋಡಿ ಉರು ಹೊಡೆದುಕೊಂಡು ಬಂದಿದ್ದ.

"ಬೆಟ್ಟ ಹತ್ತಿ ಬಂದಿದ್ದೇವೆ, ಬರಿಗೈಲಿ ಇಳಿಯುವವರಲ್ಲ," ಎಂದು ಶುರುಮಾಡಿದ. "ನಿಮ್ಮ ಹಿತ್ತಲ ದಾಳಿಂಬೆಯನ್ನು ನಮ್ಮ ಅಂಗಳಕ್ಕೆ ಕೇಳುತ್ತೇವೆ. ಅದನ್ನು... ಅದನ್ನು..." ಚಾವಣಿ ನೋಡಿದ. ಅಲ್ಲೇನೂ ಬರೆದಿರಲಿಲ್ಲ.

"ಕಣ್ಣಲ್ಲಿಟ್ಟು," ಅಬು ಗಾಲಿಬ್ ಮೆಲ್ಲಗೆ ಎತ್ತಿಕೊಟ್ಟ.

"ಹಾಂ, ಕಣ್ಣಲ್ಲಿಟ್ಟು ನೀರು ಹಾಕ್ತೀವಿ."

"ಕಣ್ಣಲ್ಲಿ ಯಾರಾದ್ರೂ ನೀರು ಹಾಕ್ತಾರಾ? ಕೂತ್ಕೊಳ್ಳಿ ನೀವು." ಕಸುಬು ಹಾಳಾಗುವುದನ್ನು ನೋಡಿ ಸುಮ್ಮನಿರುವುದು ಅವನಿಂದಾಗಲಿಲ್ಲ. ಎದ್ದೇಬಿಟ್ಟ. ಮೂರು ತಿಂಗಳಿಂದ ಹೆಂಡತಿಯ ಮುಂದೆ, ಕರಕ್ ದೂರ, ಹುಡುಗನ ತಲೆ ಈಗಲೇ ಬೋಳಾಗುತ್ತಿದೆ ಅಂತ ಕೊಂಕು ತೆಗೆಯುತ್ತಿದ್ದ ಅದೇ ಬಾಯಲ್ಲಿ, ಕರಕ್ ಅಂದರೆ ಕೂಗಿದರೆ ಓಗೊಡುವಷ್ಟು ಹತ್ತಿರ ಅಂದ. ಸುಫ್ಯಾನ್‌ನ ಅಗಲವಾದ ಹಣೆಯಲ್ಲಿ ಏಳು ಪೀಳಿಗೆಯ ಭಾಗ್ಯ ತೋರಿಸಿದ. ಸುಫ್ಯಾನ್ ತನ್ನ ಹಣೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡ. ಕೇಳುತ್ತ ಕೂತಿದ್ದ ಇಬ್ಬರು ಮುದುಕರು ಕಣ್ಣೊರೆಸಿಕೊಂಡರು. ಮುಗಿಸಿದವನು ಅಭ್ಯಾಸದಂತೆ ಅಬು ಸಾಯಿಲ್‌ನ ಪಕ್ಕ ಬಂದು ಕೂತು, ಬಟ್ಟಲಿನ ಮೇಲೆ ದೃಷ್ಟಿಯಿಟ್ಟು ಕಾದ.



"ಅಬು ಗಾಲಿಬ್, ಈಗ ಉತ್ತರ ಬರಬೇಕಲ್ಲ," ಅಬು ಸಾಯಿಲ್ ಪಿಸುಗುಟ್ಟಿದ.

"ಬರ್ಲಿ. ಹುಡುಗಿ ಕಡೆಯವರು ಹೇಳ್ಲಿ."

"ಹುಡುಗಿ ಕಡೆಯವರು ನೀವೇ ಅಲ್ವಾ?"

ಕೋಣೆಯೆಲ್ಲ ನಕ್ಕಿತು. ಅಬು ಗಾಲಿಬ್ ಕೂಡ ನಗುತ್ತಲೇ ಬಾಯಿ ತೆರೆದ. ಮಾತು ಹೊರಡಲಿಲ್ಲ. ಬೇಕಾಗಿದ್ದು ಒಂದೇ ಮಾತು, ಕೊಟ್ಟಿದ್ದೀವಿ. ಅರವತ್ಮೂರು ಅಪ್ಪಂದಿರು ಅವನಿಗೆ ಆ ಮಾತು ಹೇಳಿದ್ದರು. ಹೇಳುವಾಗ ಇವನ ಕಣ್ಣೆಲ್ಲ ಬಟ್ಟಲಿನ ಮೇಲೆ, ಒಬ್ಬನ ಮುಖವನ್ನೂ ನೋಡಿರಲಿಲ್ಲ. ನಗು ನಿಂತಿತು. ಸುಫ್ಯಾನ್‌ನ ಮುಖ ಬಿಳಿಚಿಕೊಂಡಿತು. ಕರಕ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಬಾಗಿಲ ಹಿಂದಿನಿಂದ ಶುರೂಕ್‌ಳ ದನಿ ಬಂತು, ಸಣ್ಣಗೆ. "ಅಪ್ಪಾ, ಕಾಫಿ ಆರ್ತಾ ಇದೆ."

ಆ ದನಿ ಕೇಳಿ ಅಬು ಗಾಲಿಬ್ ಗಾಬರಿಯಾದ. ಕೈ ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಹೋಗಿ ಅಬು ಸಾಯಿಲ್‌ನ ಮುಂದಿದ್ದ ಬಟ್ಟಲನ್ನು ಎತ್ತಿತು. ಒಂದೇ ಗುಟುಕಿಗೆ ಕುಡಿದುಬಿಟ್ಟ.

ಬಾಗಿಲ ಹಿಂದೆ ಕಾದಿದ್ದ ಹೆಂಗಸರಿಗೆ ಎತ್ತಿದವರು ಯಾರು ಅನ್ನುವುದು ಬೇಕಿರಲಿಲ್ಲ, ಬಟ್ಟಲು ಖಾಲಿಯಾದರೆ ಸಾಕಿತ್ತು. ನಾಲಿಗೆ ಹೊರಳಿಸಿ ಅವರೆಬ್ಬಿಸಿದ ಸಂಭ್ರಮದ ಕೂಗಿಗೆ ಕಿಟಕಿಯ ಗಾಜು ಅದುರಿತು. ಕರಕ್‌ನವರು ಎದ್ದೆದ್ದು ಅಪ್ಪಿಕೊಂಡರು, ಸುಫ್ಯಾನ್ ಟೈ ಸರಿಮಾಡಿಕೊಂಡ.

ಅಬು ಗಾಲಿಬ್ ಮಾತ್ರ ಮುಖ ಕಿವುಚಿ ಬಟ್ಟಲಿನ ತಳ ನೋಡುತ್ತಿದ್ದ. "ಇದೇನು ಇಷ್ಟೊಂದು ಕಹಿ? ಇವತ್ತು ನಮ್ಮನೆ ಕಾಫಿ ಕೆಟ್ಟಿದೆ."

ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಅಬು ಸಾಯಿಲ್ ಅವನ ತೊಡೆಯ ಮೇಲೆ ಕೈಯಿಟ್ಟ. "ಕಾಫಿ ಎಲ್ಲಾ ಮನೇಲೂ ಇಷ್ಟೇ ಕಹಿ, ಅಬು ಗಾಲಿಬ್. ನೀವು ಕೊಡೋ ಕಡೆಯವರಾಗಿ ಕುಡಿದಿದ್ದು ಇವತ್ತೇ ಮೊದಲು."