ಅವಧಿ ಮುಗಿದ ಸರ್ಟಿಫಿಕೇಟ್

"ನನ್ನ ತಮ್ಮನ ಪಾಸ್‌ವರ್ಡ್ ಯಾರೋ ಕದ್ದಾರ! ನಿನ್ನೆ ನಮ್ಮ ಪಾಳಿ ನೀರು ಸೂಗಮ್ಮನ ಹೊಲಕ್ಕ ಹರದದ!" ಜಗದೇವಪ್ಪ ಮೇಜು ಬಡಿದ. ಪಕ್ಕದಲ್ಲಿ ತಮ್ಮ ಹಂಪಣ್ಣ ತಲೆ ತಗ್ಗಿಸಿ ನಿಂತಿದ್ದ.

ಮೇಜಿನ ಆಚೆ ಇದ್ದವಳು ರೇಣಮ್ಮ. ದೇವಾಪುರದ ಆಚೆ, ಕಾಲುವೆ ಕೊನೆಯ ರೈತರು ಕಟ್ಟಿಕೊಂಡಿದ್ದ ನೀರಿನ ಸಂಘಕ್ಕೆ ಅವಳೊಬ್ಬಳೇ ಗುಮಾಸ್ತೆ. ಯಾವ ಹೊಲಕ್ಕೆ ಯಾವತ್ತು ನೀರು ಎಂಬುದು ಸಂಘದ ವೆಬ್‌ಸೈಟಿನಲ್ಲಿತ್ತು. ಪಾಸ್‌ವರ್ಡ್ ಹಾಕಿದರೆ ತಮ್ಮ ಪಾಳಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದಿತ್ತು. ಆ ಪಾಸ್‌ವರ್ಡ್ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕಾಯುತ್ತಿದ್ದ ಸರ್ಟಿಫಿಕೇಟಿನ ಅವಧಿ ಮುಗಿದು ಹತ್ತು ದಿನವಾಗಿತ್ತು. ನವೀಕರಿಸಲು ಅವಳು ಮರೆತಿದ್ದಳು. ಫೋನಿನಲ್ಲಿ ಕೆಂಪು ಎಚ್ಚರಿಕೆ ಬರುತ್ತಿದೆ ಎಂದು ರೈತರು ಕೇಳಿದಾಗ, "ಏನೂ ಆಗಂಗಿಲ್ರಿ, ಮುಂದಕ್ಕ ಹೋಗು ಅಂತ ಒತ್ತರಿ" ಎಂದವಳೂ ಅವಳೇ.

ಸೂಗಮ್ಮ ಆ ಅಣ್ಣತಮ್ಮಂದಿರ ಒಡಹುಟ್ಟಿದವಳು. ಪಾಲಿನ ಹೊಲಕ್ಕಾಗಿ ಆರು ವರ್ಷದಿಂದ ಸುರಪುರದ ಕೋರ್ಟಿಗೆ ಅಲೆದಾಟ. ಮಾತುಕತೆ ನಿಂತೇ ಹೋಗಿತ್ತು.

"ನಾಳೆ ಠಾಣಾಕ್ಕ ಹೋಗಾಂವ ನಾ. ಕಳ್ಳಿ ಆಕಿ!" ಎಂದ ಜಗದೇವಪ್ಪ.

"ತಪ್ಪು ನಂದದ್ರಿ," ಎಂದು ರೇಣಮ್ಮ ಎಲ್ಲವನ್ನೂ ಹೇಳಿಬಿಟ್ಟಳು.

"ಹಂಗಾದ್ರ ಅದನ್ನ ಬರದು ಸಹಿ ಮಾಡಿಕೊಡು. ನಿನ್ನ ನೌಕರಿ ಹೋತಂತ ತಿಳಿ." ಜಗದೇವಪ್ಪ ದಡದಡ ಹೊರಟುಹೋದ.

ಹಂಪಣ್ಣ ಮಾತ್ರ ಉಳಿದ. "ಬರದುಕೊಡಬ್ಯಾಡ ರೇಣವ್ವ. ಆದದ್ದು ಆತು."

ನೀರು ಕಳೆದುಕೊಂಡವನೇ ಹೀಗೆಂದಾಗ ಅವಳಿಗೆ ಇನ್ನಷ್ಟು ಚುಚ್ಚಿತು.

ಆಗಲೇ ಕೂತಳು. ಬ್ರೌಸರುಗಳು ನಂಬುವ ಸಂಸ್ಥೆಯೊಂದಕ್ಕೆ ಅರ್ಜಿ ಕಳಿಸಿ, ವೆಬ್‌ಸೈಟು ಸಂಘದ್ದೇ ಎಂದು ರುಜುವಾತು ಮಾಡಿ, ಹೊಸ ಸರ್ಟಿಫಿಕೇಟ್ ಪಡೆದು ಸರ್ವರಿಗೆ ಹಾಕಿದಳು. ಪರದೆಯ ಮೇಲೆ ಬೀಗದ ಗುರುತು ಮರಳಿ ಬಂತು. ಎದೆಯ ಭಾರ ಮಾತ್ರ ಇಳಿಯಲಿಲ್ಲ. "ನನಗ ಫೋನ್ ಹಿಡಿಲಾಕೂ ಬರಂಗಿಲ್ಲ ಯವ್ವಾ. ನೀರು ಬಂತು, ಹೊಲಕ್ಕ ಬಿಟ್ಕೊಂಡೆ" ಎಂದು ಬೆಳಿಗ್ಗೆ ಸೂಗಮ್ಮ ಅತ್ತಿದ್ದಳು. ಯಾರೂ ನಂಬಿರಲಿಲ್ಲ. ರೇಣಮ್ಮನೂ.

ತಪ್ಪೊಪ್ಪಿಗೆಗೆ ಲಗತ್ತಿಸಲೆಂದು ಸರ್ವರಿನ ದಾಖಲೆ ತೆರೆದಳು.

"ಅದರಾಗ ಯಾರು ಮಾಡ್ಯಾರ ಅಂತ ಕಾಣ್ತದೇನು?" ಹಂಪಣ್ಣ ಇನ್ನೂ ಅಲ್ಲೇ ಇದ್ದ.

"ತಾರೀಖಂತೂ ಕಾಣ್ತದ್ರಿ."

ತಾರೀಖು ಕಂಡಿತು. ನಿನ್ನೆಯ ಪಾಳಿಯನ್ನು ಸೂಗಮ್ಮನಿಗೆ ಬಿಟ್ಟುಕೊಟ್ಟದ್ದು ಹದಿಮೂರು ದಿನದ ಹಿಂದೆಯೇ. ಆಗ ಸರ್ಟಿಫಿಕೇಟ್ ಇನ್ನೂ ಸರಿಯಾಗಿತ್ತು. ದಾರಿಯಲ್ಲಿ ಯಾರೂ ಏನನ್ನೂ ಕದಿಯುವಂತಿರಲಿಲ್ಲ. ಅವಳು ಮತ್ತೊಮ್ಮೆ ಓದಿ, ತಲೆಯೆತ್ತಿದಳು.

ಹಂಪಣ್ಣ ಬಾಗಿಲು ಎಳೆದು ಮುಚ್ಚಿದ.

"ಕದ್ದಿಲ್ಲ ಯಾರೂ. ಅಕ್ಕನ ಬೆಳಿ ಒಣಗಾಕತ್ತಿತ್ತು, ನಾನೇ ಪಾಳಿ ಬಿಟ್ಟುಕೊಟ್ಟೀನಿ. ಆಕೀನ್ನ ಕಳ್ಳಿ ಅಂದಾಗ, ಅಣ್ಣನ ಮುಂದ ಬಾಯಿ ಬರಲಿಲ್ಲ."