ಪಳನಿಯಮ್ಮನ ನವಿಲಂಚು

"ಅಳಿಸೋದಕ್ಕೆ ಮುಂಚೆ ಸ್ವಲ್ಪ ಇರು," ಎಂದು ಪಳನಿಯಮ್ಮ ಲ್ಯಾಪ್‌ಟಾಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸುವ ಮುಂಚೆಯೂ ಅವರು ಹೀಗೆಯೇ ಮಾಡುತ್ತಿದ್ದರು. ಅವರು ಬರೆದ ಸೀರೆಯಂಚಿನ ಚಿತ್ತಾರಗಳನ್ನು ತೋರಿಸುವ ತಂತ್ರಾಂಶ ದೂರದ ಕ್ಲೌಡ್ ಸರ್ವರ್‌ನಲ್ಲಿತ್ತು. ಕೊಯಮತ್ತೂರಿನ ಕಾಲೇಜಿನಿಂದ ಬಂದಿದ್ದ ಮೊಮ್ಮಗಳು ಇಲಕ್ಕಿಯಾ ಆ ತಂತ್ರಾಂಶವನ್ನು ನಡೆಸುವ ಹಳೆಯ ಕಂಟೇನರ್ ತೆಗೆದು ಹೊಸದನ್ನು ಕೂರಿಸುತ್ತಿದ್ದಳು. "ಕಂಟೇನರ್ ಬರೀ ಮಗ್ಗ ಇದ್ದಂಗೆ ಅಜ್ಜಿ. ನೀ ಬರೆದಿದ್ದೆಲ್ಲ ಬೇರೆ ಸ್ಟೋರೇಜಲ್ಲಿ ಭದ್ರವಾಗಿದೆ."

ಹಳೆಯದು ಹೋಯಿತು, ಹೊಸದು ಎದ್ದಿತು. ಪರದೆ ಮಾತ್ರ ಖಾಲಿ. ಒಂದು ನವಿಲೂ ಇಲ್ಲ, ಒಂದು ಬಳ್ಳಿಯೂ ಇಲ್ಲ. ಇಲಕ್ಕಿಯಾ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಅಜ್ಜಿ ಚಿತ್ತಾರ ಬರೆದಿಟ್ಟ ಕಾಗದಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು, ಉಳಿದಿದ್ದು ಇದೊಂದೇ.

"ಯಾಕೆ ತಂಗಮೇ, ನನ್ನ ಚಿನ್ನ, ಇಷ್ಟು ಗಾಬರಿ? ಭದ್ರವಾಗಿದೆ ಅಂತ ನೀನೇ ಹೇಳ್ದೆಯಲ್ಲ," ಎಂದು ಪಳನಿಯಮ್ಮ ಅವಳ ಎಡಗೈಯನ್ನು ತಮ್ಮ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡರು. ಉಸಿರು ತಹಬಂದಿಗೆ ಬಂದ ಮೇಲೆ ಇಲಕ್ಕಿಯಾಳಿಗೆ ತಪ್ಪು ಕಾಣಿಸಿತು. ಹೊಸ ಕಂಟೇನರಿಗೆ ಆ ಸ್ಟೋರೇಜನ್ನು ಜೋಡಿಸುವುದನ್ನೇ ಮರೆತಿದ್ದಳು. ಎಡಗೈ ಬಿಡಿಸಿಕೊಳ್ಳಲು ಮನಸ್ಸಾಗದೆ ಬಲಗೈಯೊಂದರಲ್ಲೇ ಟೈಪ್ ಮಾಡಿದಳು.

ನವಿಲುಗಳು ಒಂದೊಂದಾಗಿ ಬಂದು ಸಾಲಾಗಿ ನಿಂತವು. "ನೋಡಜ್ಜಿ, ಬಂದ್ಬಿಟ್ವು!" ಎಂದು ತಿರುಗಿದರೆ, ಪಳನಿಯಮ್ಮ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಮೊಮ್ಮಗಳ ಕೈಯನ್ನು ಮೆಲ್ಲಗೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು.